ಕೊಟ್ಟಾರ, ಕೊಟ್ಟಾರು

ಕಲಬುರಗಿಯಿಂದ ಹುಮನಾಬಾದಿನ ಕಡೆ ಹೊರಟರೆ ದಾರಿಯಲ್ಲೇ ಕಮಲಾಪುರ ಸಿಗುತ್ತದೆ. ಕೆಂಪು ಬಾಳೆಯ ಊರು. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಹಣ್ಣು ಅದು. ಬೆಲೆ ಹೆಚ್ಚು, ಬೆಳೆಸುವ ಖರ್ಚೂ ಹೆಚ್ಚು. ಉಳಿದ ಬಾಳೆ ವರ್ಷಕ್ಕೆ ಗೊನೆ ಕೊಟ್ಟರೆ ಇದಕ್ಕೆ ಒಂದೂವರೆ ವರ್ಷದ ಹತ್ತಿರ ಬೇಕು. ಅಷ್ಟು ದಿನ ನೀರು, ಗೊಬ್ಬರ, ಕಾವಲು ಎಲ್ಲ ಸಾಲದ ಮೇಲೆ ನಡೆಯಬೇಕು. ಅಲ್ಲಿ ತೋಟ ಮಾಡಿರುವ ನನ್ನ ಕಾಕಾ ಹೋದ ಸಲ ನನ್ನ ಕೈಗೆ ಒಂದು ಕರಪತ್ರ ಇಟ್ಟರು. ಸಸಿ ಮಾರುವವರು ಹಂಚಿದ್ದು. ಒಂದು ಮೈ ಇಂಗ್ಲಿಷು, ಇನ್ನೊಂದು ಮೈ ಕನ್ನಡ. ಕನ್ನಡದ ಮೈಯಲ್ಲಿ ಹೀಗಿತ್ತು: ಪ್ರತಿ ಗೊನೆಯು 25 ಕೆ.ಜಿ.ವರೆಗೆ ತೂಗಬಹುದು, ರೈತರು ಅಧಿಕ ಆದಾಯ ಪಡೆಯಬಹುದು.

ಕಾಕಾ ಕೇಳಿದರು: “ತಮ್ಮಾ, ಇವ್ರು ಬರ್ತದ ಅಂತಾರೋ, ಬಂದೀತು ಅಂತಾರೋ? ಕನ್ನಡದಾಗ ಎಲ್ಲಾ ಓದೀನಿ, ತಿಳೀವಲ್ದು. ಇಂಗ್ಲಿಷಿನಾಗ ಏನ್ ಅದ ನೋಡು.”

ತಿರುಗಿಸಿ ನೋಡಿದೆ. ಇಂಗ್ಲಿಷಿನ ಮೈಯಲ್ಲಿ ‘ಕುಡ್’ ಇತ್ತು, ‘ಅಪ್ ಟು’ ಇತ್ತು, ಕೆಳಗೆ ಸಣ್ಣ ಅಕ್ಷರದಲ್ಲಿ ‘ಸಬ್ಜೆಕ್ಟ್ ಟು’ ಎಂದು ಶುರುವಾಗುವ ಒಂದು ಸಾಲು ಇತ್ತು. ಇಂಗ್ಲಿಷ್ ಓದಿದವನಿಗೆ ಇದು ಮಾತು ಕೊಡುತ್ತಿಲ್ಲ, ಆಸೆ ತೋರಿಸುತ್ತಿದೆ ಎನ್ನುವುದು ತಟ್ಟನೆ ಗೊತ್ತಾಗುತ್ತಿತ್ತು. ಕನ್ನಡ ಓದಿದವರಿಗೆ ಗೊತ್ತಾಗಲಿಲ್ಲ. ಕಾಕಾ ಓದು ಬಾರದವರಲ್ಲ, ದಿನಾ ಪೇಪರ್ ಓದುವವರು. ಕರಪತ್ರದ ಕನ್ನಡದಲ್ಲಿ ಅವರು ಹುಡುಕುತ್ತಿದ್ದ ಭೇದವೇ ಇರಲಿಲ್ಲ. ಆ ಭೇದವನ್ನು ಅವರು ಕೇಳಿದ್ದು ಮಾತ್ರ ಅಪ್ಪಟ ಕನ್ನಡದಲ್ಲಿ, ಎರಡೇ ಕ್ರಿಯಾಪದಗಳಲ್ಲಿ.

ಮುಂದೆ ಬರಬಹುದಾದ ಲಾಭವನ್ನೂ ತಟ್ಟಬಹುದಾದ ನಷ್ಟವನ್ನೂ ಇಂಗ್ಲಿಷು ಸೂಕ್ಷ್ಮವಾಗಿ ಹೇಳುತ್ತದೆ, ಕನ್ನಡಕ್ಕೆ ಅಷ್ಟು ಕಸುವಿಲ್ಲ ಎಂದು ನಂಬಿದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಕಚೇರಿಗಳಲ್ಲಿ ಅನುವಾದದ ಕೆಲಸ ಮಾಡುವವರಲ್ಲೂ ಇದ್ದಾರೆ. ಇಪ್ಪತ್ತು ವರ್ಷ ಕಲಬುರಗಿಯಲ್ಲಿ ಇಂಗ್ಲಿಷ್ ಪಾಠ ಹೇಳಿದ ನನಗೆ ಆ ನಂಬಿಕೆ ತಪ್ಪು ಅನ್ನಿಸುತ್ತದೆ. ಕಸುವು ಇಲ್ಲದಿರುವುದು ನಾವು ಕಾಗದದ ಮೇಲೆ ಬರೆಯುವ ಕನ್ನಡಕ್ಕೆ. ಹೊಲದಲ್ಲಿ, ಗಂಜಿನ ದವಸದ ಪೇಟೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಆಡುವ ಕನ್ನಡಕ್ಕೆ ಅದು ಬೇಕಾದಷ್ಟಿದೆ.

ನಮ್ಮ ಕಡೆಯ ಮಾತನ್ನು ಸ್ವಲ್ಪ ಕಿವಿಗೊಟ್ಟು ಕೇಳಬೇಕು. ‘ರೊಕ್ಕ ಬಂದದ’ ಅಂದರೆ ಕೈ ಸೇರಿದೆ. ‘ಬರೋದದ’ ಅಂದರೆ ಇನ್ನೂ ಸೇರಿಲ್ಲ, ಆದರೆ ಬರಬೇಕಾದದ್ದು ನಿಕ್ಕಿ. ಗಂಜಿನ ಅಡತಿಯವರ ಹತ್ತಿರ ಉಳಿದ ಬಾಕಿ ಹಾಗೆ ಬರೋದಿರುತ್ತದೆ. ‘ಬರ್ತದ’ ಅಂದವನು ತನ್ನ ಮಾತನ್ನು ಅದರ ಹಿಂದೆ ನಿಲ್ಲಿಸಿದ್ದಾನೆ. ‘ಬರೋ ಹಂಗ ಅದ’ ಅಂದವನಿಗೆ ಏನೋ ಕುರುಹು ಕಂಡಿದೆ. ‘ಬರಬೌದು’ ಅಂದರೆ ಅಡ್ಡಿಯೇನೂ ಕಾಣುತ್ತಿಲ್ಲ ಅಂತಷ್ಟೇ. ‘ಬಂದೀತು’ ಅಂದಾಗ ಬಾರದೆಯೂ ಹೋದೀತು ಅನ್ನುವುದು ಅದರ ಬೆನ್ನಿಗೇ ಇರುತ್ತದೆ. ‘ಬಂದರೂ ಬಂದೀತು’ ಅಂದರೆ ಲೆಕ್ಕಕ್ಕೆ ಹಿಡಿಯಬೇಡ, ಪೂರಾ ಬಿಟ್ಟೂ ಬಿಡಬೇಡ. ಆಮೇಲೆ ‘ಬರ್ಲಿಕ್ಕಿಲ್ಲ’, ಕಡೆಗೆ ‘ಬರಂಗಿಲ್ಲ’. ಒಂದೇ ‘ಬರು’ ಧಾತುವಿನಲ್ಲಿ ಒಂಬತ್ತು ಮೆಟ್ಟಿಲು. ಪ್ರತಿ ಮೆಟ್ಟಿಲಿನಲ್ಲೂ ಎಷ್ಟು ಸಾಲ ಮಾಡಬೇಕು, ಎಷ್ಟು ಕೈ ಬಿಗಿ ಹಿಡಿಯಬೇಕು ಅನ್ನುವುದು ಬೇರೆ ಬೇರೆ. ‘ಬರೋದದ’ ಎಂಬ ರೊಕ್ಕವನ್ನು ನಂಬಿ ಮಗಳ ಮದುವೆ ಗೊತ್ತುಮಾಡುತ್ತಾರೆ. ‘ಬಂದೀತು’ ಎಂಬುದನ್ನು ನಂಬಿ ಯಾರೂ ಮಾಡುವುದಿಲ್ಲ.

ಇದರಲ್ಲಿ ನನ್ನನ್ನು ಪ್ರತಿ ಸಲ ನಿಲ್ಲಿಸಿ ಯೋಚಿಸುವಂತೆ ಮಾಡುವುದು ಒಂದು ಸ್ವರದ ಕೆಲಸ. ನಮ್ಮಲ್ಲಿ ‘ಪರಿಹಾರ ಕೊಟ್ಟಾರ’ ಅಂದರೆ ಕೊಟ್ಟಿದ್ದಾರೆ, ಮುಗಿಯಿತು. ‘ಪರಿಹಾರ ಕೊಟ್ಟಾರು’ ಅಂದರೆ ಕೊಡಲೂಬಹುದು, ನೋಡೋಣ. ಕೊನೆಯ ಅ ಹೋಗಿ ಉ ಬಂತು, ಅಷ್ಟೇ. ಬೆಂಗಳೂರಿನ ಕಡೆಯವರಿಗೆ ಮೊದಲನೆಯದಕ್ಕೆ ‘ಕೊಟ್ಟಿದ್ದಾರೆ’ ಎಂಬ ಉದ್ದನೆಯ ರೂಪ ಇರುವುದರಿಂದ ಇವೆರಡು ಇಷ್ಟು ಹತ್ತಿರ ನಿಲ್ಲುವುದಿಲ್ಲ. ಕಲಬುರಗಿಯ ರೈತನಿಗೆ ಕೈಗೆ ಬಂದದ್ದಕ್ಕೂ ಬರಲಿ ಎಂದು ಕಾಯುವುದಕ್ಕೂ ನಡುವೆ ಇರುವುದು ಒಂದು ಉಕಾರ. ಆ ಉಕಾರವನ್ನು ತಪ್ಪಾಗಿ ಕೇಳಿಸಿಕೊಂಡವರನ್ನು ನಾನು ಈ ಜಿಲ್ಲೆಯಲ್ಲಿ ಕಂಡಿಲ್ಲ.

ಶಾಲೆಯ ಕನ್ನಡ ವ್ಯಾಕರಣದಲ್ಲಿ ಈ ‘ಕೊಟ್ಟಾರು’ ರೂಪಕ್ಕೆ ಸಂಭಾವನಾರ್ಥಕ ಎಂದು ಹೆಸರು. ವಿಧ್ಯರ್ಥಕ, ನಿಷೇಧಾರ್ಥಕಗಳ ಜೊತೆಗೆ ಮಕ್ಕಳು ಬಾಯಿಪಾಠ ಮಾಡುತ್ತಾರೆ. ಬಂದಾನು, ಬಂದಾಳು, ಬಂದಾರು, ಬಂದೀತು ಎಂದು ಒಂದು ಅಂಕಕ್ಕೆ ಬರೆದು ಬರುತ್ತಾರೆ. ಅದೇ ಮಕ್ಕಳು ಮುಂದೆ ಗುಮಾಸ್ತರಾಗಿ, ಕೃಷಿ ಅಧಿಕಾರಿಗಳಾಗಿ, ಬ್ಯಾಂಕಿನವರಾಗಿ ಕೂತಾಗ ಅವರ ಬರವಣಿಗೆಯಲ್ಲಿ ಆ ರೂಪ ಒಂದೇ ಒಂದು ಸಲವೂ ಬರುವುದಿಲ್ಲ. ಅದರ ಜಾಗದಲ್ಲಿ ಎರಡು ರೂಪಗಳು ಕೂತಿವೆ: ಒಂದು ‘ಬಹುದು’, ಇನ್ನೊಂದು ‘ಲಾಗುವುದು’.

ಇಂಗ್ಲಿಷು ಈ ಕೆಲಸವನ್ನು ಹೇಗೆ ಮಾಡುತ್ತದೆ ಎಂದು ನೋಡಿದರೆ ನಮ್ಮದರ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಇಂಗ್ಲಿಷ್ ಕ್ರಿಯಾಪದಕ್ಕೆ ಭವಿಷ್ಯತ್ತಿನ ಪ್ರತ್ಯಯವೇ ಇಲ್ಲ. ನಾಳೆಯ ಮಾತಿಗೆ ಅದು ಇಂದಿನ ಬೇರೆ ಮಾತುಗಳಿಂದ ಸಾಲ ತಂದಿತು. ‘ವಿಲ್’ ಅಂದರೆ ಹಳೆಯ ಇಂಗ್ಲಿಷಿನಲ್ಲಿ ಬಯಸು. ‘ಶಲ್’ ಅಂದರೆ ಋಣಿಯಾಗಿರು, ತೀರಿಸಬೇಕಾದದ್ದು ಇರು. ‘ಮೇ’ ಅಂದರೆ ಶಕ್ತಿ ಇರು. ‘ಕ್ಯಾನ್’ ಅಂದರೆ ಬಲ್ಲವನಾಗಿರು. ಬಯಕೆ, ಸಾಲ, ಬಲ, ತಿಳಿವು ಎಂಬ ನಾಲ್ಕು ಕಂಬಗಳ ಮೇಲೆ ಆ ಭಾಷೆ ನಾಳೆಯ ಚಪ್ಪರ ಹಾಕಿಕೊಂಡಿದೆ. ಕನ್ನಡ ಹಿಡಿದ ದಾರಿ ಬೇರೆ. ‘ಬಹುದು’ ಹುಟ್ಟಿದ್ದು ‘ಬರು’ ಧಾತುವಿನಿಂದ. ಹಳಗನ್ನಡದ ‘ಬರ್ಪುದು’ ಸವೆದು ‘ಬಹುದು’ ಆಯಿತು. ಅದರ ನಿಷೇಧ ‘ಬಾರದು’ ನೋಡಿದರೆ ಈಗಲೂ ಬೇರು ಕಾಣುತ್ತದೆ. ಮಾಡಬಹುದು ಎಂದರೆ ಮಾಡುವುದು ಬರುವಂಥದು, ನಮ್ಮ ಕಡೆ ನಡೆದುಬರುವಂಥದು. ಅವರಿಗೆ ಸಾಧ್ಯತೆ ಮನುಷ್ಯನ ತೋಳಿನಲ್ಲಿದೆ, ನಮಗೆ ಅದು ಮಳೆಯ ಹಾಗೆ ದೂರದಿಂದ ಬರುವುದು.

ಆದರೆ ಎರಡೂ ಭಾಷೆಗಳು ಒಂದು ಕಡೆ ಕೈ ಕೈ ಹಿಡಿಯುತ್ತವೆ. ಇದನ್ನು ನಾನು ಯಾವ ಪಠ್ಯದಿಂದಲೂ ಕಲಿಯಲಿಲ್ಲ, ತರಗತಿಯಲ್ಲಿ ಸೋತು ಕಲಿತೆ. ‘ವುಡ್’ ಎಂಬುದು ‘ವಿಲ್’ನ ಭೂತಕಾಲ, ‘ಕುಡ್’ ‘ಕ್ಯಾನ್’ನದು, ‘ಮೈಟ್’ ‘ಮೇ’ಯದು ಎಂದು ನಾವು ಹೇಳಿಕೊಡುತ್ತೇವೆ. ಹಾಗಾದರೆ ಮುಂದೆ ಆಗಬಹುದಾದ ಸಂಗತಿಗೆ ಭೂತಕಾಲದ ರೂಪ ಯಾಕೆ ಎಂದು ಮಕ್ಕಳು ಕೇಳುತ್ತಾರೆ. ‘ಇಂಗ್ಲಿಷ್ ಹಾಗೇ’ ಎಂದು ವರ್ಷಗಟ್ಟಲೆ ತಳ್ಳಿಹಾಕಿದ್ದೇನೆ. ಒಂದು ದಿನ ಕರಿಹಲಗೆಯ ಮೇಲೆ ‘ಬಂದ, ಬಂದರೆ, ಬಂದೀತು’ ಎಂದು ಒಂದರ ಕೆಳಗೊಂದು ಬರೆದೆ. ಮೂರರಲ್ಲೂ ಅದೇ ‘ಬಂದ್’. ಮುಗಿದುಹೋದ ಬರವು, ಬಂದರೆ ಎಂಬ ಷರತ್ತು, ಬಂದೀತು ಎಂಬ ಅನುಮಾನ, ಮೂರೂ ಭೂತಕಾಲದ ಅಂಗದಿಂದ ಹೊರಟವು. ಕೈಗೆ ಸಿಗದ ನಾಳೆಯನ್ನು ಹೇಳಲು ಕನ್ನಡವೂ ಹಿಂದಕ್ಕೆ ಒಂದು ಹೆಜ್ಜೆ ಇಡುತ್ತದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು “ಹಂಗಾದ್ರ ಮೈಟ್ ಅಂದ್ರ ಬಂದೀತು, ವಿಲ್ ಅಂದ್ರ ಬರ್ತದ ಅಲ್ರೀ ಸರ್?” ಅಂದಳು. ಪೂರಾ ಸರಿಯಲ್ಲ, ಆದರೆ ಹತ್ತು ವರ್ಷ ನಾನು ಪಟ್ಟಿ ಬರೆಸಿ ಕಲಿಸಿದ್ದಕ್ಕಿಂತ ಹೆಚ್ಚು ಸರಿ. ಅವಳು ಇಂಗ್ಲಿಷನ್ನು ತನ್ನ ಮನೆಯ ಮಾತಿನ ಮೇಲೆ ನಿಂತು ನೋಡಿದ್ದಳು.

ಹೀಗೆ ಮನೆಮಾತಿನ ಮೆಟ್ಟಿಲು ಹತ್ತಿಸಿ ಇಂಗ್ಲಿಷ್ ಕಲಿಸುವ ಬದಲು ನಾವು ಎರಡನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂಡಿಹಾಕಿದ್ದೇವೆ. ಅದರ ನಷ್ಟ ಪರೀಕ್ಷೆಯ ಅಂಕಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ. ಕಾಣುವುದು ಅನುವಾದದಲ್ಲಿ.

ಹವಾಮಾನದ ಮಾತನ್ನೇ ತೆಗೆದುಕೊಳ್ಳಿ. ಭಾರತೀಯ ಹವಾಮಾನ ಇಲಾಖೆಯ ಮುನ್ಸೂಚನೆಯಲ್ಲಿ ಬರುವ ಪದಗಳಿಗೆ ಅಳತೆ ಗೊತ್ತುಮಾಡಿದ್ದಾರೆ. ‘ಲೈಕ್ಲಿ’ ಅಂದರೆ ನೂರಕ್ಕೆ 25ರಿಂದ 50 ಪಾಲು, ‘ವೆರಿ ಲೈಕ್ಲಿ’ ಅಂದರೆ 50ರಿಂದ 75, ‘ಮೋಸ್ಟ್ ಲೈಕ್ಲಿ’ ಅಂದರೆ 75ಕ್ಕಿಂತ ಮೇಲೆ. ಬರಿಯ ‘ಲೈಕ್ಲಿ’ ಅಂದಾಗ ಮಳೆ ಬಾರದಿರುವ ಪಾಲೇ ಹೆಚ್ಚು ಎಂದಾಯಿತು. ಅದೇ ಪದವನ್ನು ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿ ತನ್ನ ವರದಿಗಳಲ್ಲಿ ಬಳಸಿದರೆ ಅಲ್ಲಿ 66ರಿಂದ ಮೇಲಿನ ಪಾಲು. ಇಂಗ್ಲಿಷಿನಲ್ಲೇ ಒಂದು ಪದಕ್ಕೆ ಎರಡು ತಕ್ಕಡಿ. ಇವೆಲ್ಲ ಕನ್ನಡಕ್ಕೆ ಬಂದಾಗ ಏನಾಗುತ್ತದೆ? ‘ಮಳೆಯಾಗುವ ಸಾಧ್ಯತೆ ಇದೆ.’ ಮೂರೂ ಮೆಟ್ಟಿಲಿಗೆ ಹೆಚ್ಚುಕಡಿಮೆ ಅದೇ ಸಾಲು. ಜೂನಿನಲ್ಲಿ ತೊಗರಿ ಬಿತ್ತಲು ಕೂರಿಗೆ ಸಿದ್ಧ ಮಾಡಿಕೊಂಡವನಿಗೆ ನಾಲ್ಕರಲ್ಲಿ ಒಂದು ಪಾಲಿನ ಮಳೆಗೂ ನಾಲ್ಕರಲ್ಲಿ ಮೂರು ಪಾಲಿನ ಮಳೆಗೂ ನಡುವೆ ಒಂದು ಬಿತ್ತನೆಯ ಬೀಜದ ಬೆಲೆ ಇದೆ. ‘ಬಂದೀತು’, ‘ಬರೋ ಹಂಗ ಅದ’, ‘ಬಹುಮಟ್ಟಿಗೆ ಬರ್ತದ’ ಎಂದು ಮೂರು ಬಗೆಯಾಗಿ ಬರೆದು ಪಕ್ಕದಲ್ಲಿ ಅಂಕಿಯನ್ನೂ ಹಾಕಿದರೆ ತೊಂದರೆ ಏನು?

‘ಬಂದೀತು’ ಎಂಬ ಮಾತಿಗೆ ಇನ್ನೊಂದು ಗುಣ ಇದೆ. ಜುಲೈಯಲ್ಲಿ ‘ಮಳಿ ಬಂದೀತು’ ಅಂದರೆ ಆಸೆ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಬಂದ ಮೇಲೆ, ತೊಗರಿ ಕೊಯ್ದು ರಾಶಿಗೆ ಒಟ್ಟಿದಾಗ ‘ಮಳಿ ಬಂದೀತು’ ಅಂದರೆ ಎದೆ ನಡುಗುವ ಅಂಜಿಕೆ. ಮಾತು ಒಂದೇ, ತಿಂಗಳು ಬೇರೆ. ಇಂಗ್ಲಿಷಿನವರು ಒಳ್ಳೆಯದಕ್ಕೆ ಒಂದು, ಕೆಟ್ಟದ್ದಕ್ಕೆ ಒಂದು ಎಂದು ಪದ ಬದಲಿಸುತ್ತಾರೆ: ಲಾಭದ ಕಡೆ ‘ಪ್ರಾಸ್ಪೆಕ್ಟ್’, ನಷ್ಟದ ಕಡೆ ‘ರಿಸ್ಕ್’, ದಂಡ ಬೀಳುವುದಿದ್ದರೆ ‘ಲಯಬಲ್’. ನಮ್ಮ ಅನುವಾದಕರು ‘ರಿಸ್ಕ್’ ಕಂಡಲ್ಲೆಲ್ಲ ‘ಅಪಾಯ’ ಎಂದು ಬರೆದುಬಿಡುತ್ತಾರೆ. ಅಪಾಯ ಅಂದರೆ ಹಾವು, ಬೆಂಕಿ, ತುಂಬಿದ ಹಳ್ಳ. ರಿಸ್ಕ್ ಅಂದರೆ ಗೆಲ್ಲಲೂಬಹುದು ಸೋಲಲೂಬಹುದು ಎಂದು ಗೊತ್ತಿದ್ದೂ ಇಟ್ಟ ಪಣ. ಗಂಜಿನ ದಲಾಲರು ಅದಕ್ಕೇ ‘ಅಪಾಯ’ ಅನ್ನುವುದಿಲ್ಲ, ‘ಜೋಖಮು’ ಅನ್ನುತ್ತಾರೆ, ಇಲ್ಲವೇ ‘ರಿಸ್ಕ್’ ಎಂದೇ ಹೇಳುತ್ತಾರೆ. ಹೂಡಿಕೆಗಳು ಮಾರುಕಟ್ಟೆಯ ಅಪಾಯಗಳಿಗೆ ಒಳಪಟ್ಟಿವೆ ಎಂದು ಟಿ.ವಿ.ಯಲ್ಲಿ ಉಸಿರು ಬಿಡದೆ ಹೇಳುವ ಮಾತನ್ನು ನಾವೆಲ್ಲ ಕೇಳಿದ್ದೇವೆ. ಯಾವುದು ಯಾವುದಕ್ಕೆ ಒಳಪಟ್ಟಿತು? ‘ಪೇಟೆ ಬಿದ್ದರೆ ನೀವು ಹಾಕಿದ ದುಡ್ಡೂ ಕರಗೀತು’ ಎಂದರೆ ಎಂಟನೇ ಇಯತ್ತೆ ಕಲಿತವರಿಗೂ ಕೈ ತಡೆದು ಯೋಚಿಸುವಷ್ಟು ತಿಳಿಯುತ್ತದೆ.

ಕಲಬುರಗಿಗೆ ಇದು ಬರಿಯ ಭಾಷೆಯ ವಿಷಯ ಅಲ್ಲ ಅನ್ನುವುದಕ್ಕೆ ಬೆಳೆವಿಮೆಯ ಉದಾಹರಣೆ ಸಾಕು. ತೊಗರಿಯ ಕಣಜ ಎನ್ನಿಸಿಕೊಂಡ ಜಿಲ್ಲೆ ಇದು. ಇಲ್ಲಿಯ ತೊಗರಿಬೇಳೆಗೂ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು. 2022ರ ಹಂಗಾಮಿನಲ್ಲಿ ನೆಟೆ ರೋಗ ಹೂ, ಕಾಯಿ ಹಿಡಿದ ಗಿಡಗಳನ್ನು ನಿಂತಲ್ಲೇ ಒಣಗಿಸಿದಾಗ ಹಳ್ಳಿಹಳ್ಳಿಯಲ್ಲೂ ಒಂದೇ ಪ್ರಶ್ನೆ: ವಿಮೆ ಬರ್ತದೋ ಇಲ್ಲೋ? ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ 2016ರಲ್ಲಿ ಶುರುವಾಯಿತು. ಮುಂಗಾರು ಬೆಳೆಗೆ ರೈತ ಕಟ್ಟುವುದು ವಿಮಾ ಮೊತ್ತದ ನೂರಕ್ಕೆ 2, ಹಿಂಗಾರಿಗೆ ಒಂದೂವರೆ, ತೋಟಗಾರಿಕೆ ಮತ್ತು ವಾಣಿಜ್ಯ ಬೆಳೆಗೆ 5. ಇಷ್ಟು ಎಲ್ಲರಿಗೂ ಗೊತ್ತು. ಪರಿಹಾರದ ಲೆಕ್ಕ ಮಾತ್ರ ಬಹಳ ಜನರಿಗೆ ಗೊತ್ತಿಲ್ಲ. ಮುಖ್ಯ ಲೆಕ್ಕ ನಿಮ್ಮ ಹೊಲದ ಮೇಲೆ ನಿಂತಿಲ್ಲ, ನಿಮ್ಮ ಪಂಚಾಯಿತಿಯ ಅಥವಾ ಹೋಬಳಿಯ ಸರಾಸರಿಯ ಮೇಲೆ ನಿಂತಿದೆ. ಆ ಘಟಕಕ್ಕೆ ಮೊದಲೇ ಒಂದು ಇಳುವರಿ ಗೊತ್ತುಮಾಡಿರುತ್ತಾರೆ. ಬೆಳೆ ಕಟಾವು ಪ್ರಯೋಗದಲ್ಲಿ ಅದಕ್ಕಿಂತ ಎಷ್ಟು ಕಡಿಮೆ ಬಂತೋ ಆ ಪಾಲಿನಷ್ಟು ವಿಮಾ ಮೊತ್ತ ಸಿಗುತ್ತದೆ. ಗೊತ್ತುಮಾಡಿದ್ದು ಹೆಕ್ಟೇರಿಗೆ 800 ಕಿಲೊ, ಬಂದದ್ದು 600 ಎಂದುಕೊಳ್ಳಿ. ಕೊರತೆ ಕಾಲುಭಾಗ, ಸಿಗುವುದೂ ವಿಮಾ ಮೊತ್ತದ ಕಾಲುಭಾಗ. ನಿಮ್ಮೊಬ್ಬರ ಹೊಲ ಪೂರಾ ಒಣಗಿ ಸುತ್ತಲಿನ ಹೊಲಗಳು ಚೆನ್ನಾಗಿದ್ದರೆ ಈ ಲೆಕ್ಕದಲ್ಲಿ ಏನೂ ಬಾರದೆ ಹೋದೀತು. ಆದರೆ ಆಲಿಕಲ್ಲು, ಹೊಲಕ್ಕೆ ನೀರು ನುಗ್ಗುವಂಥ ಸ್ಥಳೀಯ ಹಾನಿಗೆ ಹೊಲ ಹೊಲ ನೋಡುವ ದಾರಿ ಇದೆ, ಅದಕ್ಕೆ 72 ಗಂಟೆಯೊಳಗೆ ತಿಳಿಸಬೇಕು.

ನಿಯಮ ನಿಯಮವಾಗಿ ಸ್ಪಷ್ಟವಾಗಿಯೇ ಇದೆ. ಹೀಗಾದರೆ ಇಷ್ಟು, ಹಾಗಾಗದಿದ್ದರೆ ಇಲ್ಲ. ಆದರೆ ಕರಪತ್ರದ ಕನ್ನಡ ಸಾಮಾನ್ಯವಾಗಿ ಯಾವ ಧಾಟಿಯಲ್ಲಿ ಇರುತ್ತದೆ? ‘ಬೆಳೆ ನಷ್ಟವಾದಲ್ಲಿ ಪರಿಹಾರ ಒದಗಿಸಲಾಗುವುದು.’ ಯಾರ ಬೆಳೆ, ಯಾವ ನಷ್ಟ, ಒದಗಿಸುವವರು ಯಾರು, ಯಾವಾಗ? ‘ಲಾಗುವುದು’ ಎಂಬ ರೂಪಕ್ಕೆ ಕರ್ತೃವೇ ಇಲ್ಲ. ಇಂಗ್ಲಿಷಿನ ‘ವಿಲ್ ಬಿ ಪೇಡ್’ ಎಂಬುದರ ನೆರಳು ಅದು. ಅಲ್ಲಿ ಕೊಡುವವನು ವಾಕ್ಯದಿಂದ ಕಾಣೆಯಾದರೂ ಷರತ್ತುಗಳು ಅಕ್ಕಪಕ್ಕದಲ್ಲಿ ಕಾವಲಿರುತ್ತವೆ. ನಮ್ಮಲ್ಲಿ ಷರತ್ತು ಕೈಬಿಟ್ಟು ನೆರಳನ್ನಷ್ಟೇ ತಂದಿದ್ದೇವೆ. ಬಿತ್ತನೆಯೇ ಆಗದೆ ಹೋದ ಸಂದರ್ಭಕ್ಕೆ ವಿಮಾ ಮೊತ್ತದ ಶೇ. 25ರವರೆಗೆ ಎಂದು ಬರೆದರೆ ಓದುವವನ ಕಣ್ಣು 25ರ ಮೇಲೆ ನಿಲ್ಲುತ್ತದೆ, ‘ವರೆಗೆ’ಯ ಮೇಲೆ ನಿಲ್ಲುವುದಿಲ್ಲ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಯಬಾರದು ಎಂದು ಹಳ್ಳಿಯವರಿಗೆ ಗೊತ್ತಿಲ್ಲದೆ ಇಲ್ಲ. ಕೂಸು ಹುಟ್ಟಿಯೇ ಬಿಟ್ಟಿದೆ ಎನ್ನುವ ಹಾಗೆ ಬರೆದವರು ನಾವು, ಓದುಬರಹದವರು.

ಈ ಭಾಗದ ಎಲ್ಲಕ್ಕಿಂತ ದೊಡ್ಡ ಆಸೆಯೂ ಒಂದು ‘ಮೇ’ ಮೇಲೆ ನಿಂತಿದೆ. ಸಂವಿಧಾನದ 371(ಜೆ) ವಿಧಿ. ವೈಜನಾಥ ಪಾಟೀಲರಂಥವರು ಎಷ್ಟೋ ವರ್ಷ ಬೀದಿಗಿಳಿದು ಹೋರಾಡಿದ ಮೇಲೆ 2012ರ 98ನೇ ತಿದ್ದುಪಡಿಯಾಗಿ ಬಂದದ್ದು. ಅದರ ಮೊದಲ ವಾಕ್ಯದಲ್ಲಿ ರಾಷ್ಟ್ರಪತಿಗಳು ಆದೇಶದ ಮೂಲಕ ರಾಜ್ಯಪಾಲರಿಗೆ ವಿಶೇಷ ಹೊಣೆ ವಹಿಸುವುದಕ್ಕೆ ಬಳಸಿದ ಪದ ‘ಮೇ’, ‘ಶಲ್’ ಅಲ್ಲ. ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಹಣದ ನ್ಯಾಯವಾದ ಹಂಚಿಕೆ, ಓದು ಮತ್ತು ಉದ್ಯೋಗದಲ್ಲಿ ಅವಕಾಶ, ಇವೆಲ್ಲ ಆ ಅಧಿಕಾರದ ಕೆಳಗೆ ಬರುತ್ತವೆ. 2013ರಲ್ಲಿ ಆದೇಶಗಳು ಹೊರಟವು, ಮಂಡಳಿ ಬಂತು. ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70, ರಾಜ್ಯದ ಉಳಿದೆಡೆ ಶೇ. 8 ಸೀಟುಗಳು ಇಲ್ಲಿಯವರಿಗೆ ಮೀಸಲಾದವು. ಇದು ಸಣ್ಣ ಲಾಭವಲ್ಲ. ನನ್ನ ಎಷ್ಟೋ ವಿದ್ಯಾರ್ಥಿಗಳ ಬದುಕು ಇದರಿಂದ ತಿರುಗಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ‘ನಮಗ 371(ಜೆ) ಕೊಟ್ಟಾರ’ ಎಂದು ಹುಡುಗರು ಹೇಳುವಾಗ ಅವರಿಗೆ ಒಂದು ಮಾತು ಬಿಡಿಸಿ ಹೇಳಬೇಕು ಅನ್ನಿಸುತ್ತದೆ. ಪಾಲು ಕೊಟ್ಟಾರ, ಹೌದು. ಆದರೆ ಉದ್ಯೋಗದ ಪಾಲು ಇರುವುದು ತುಂಬಿದ ಹುದ್ದೆಯಲ್ಲಿ. ಹುದ್ದೆ ತುಂಬುವುದು ಮತ್ತೆ ‘ಬಹುದು’. ಖಾಲಿ ಕುರ್ಚಿಯಲ್ಲಿ ಪಾಲು ಎಷ್ಟಿದ್ದರೂ ಅದು ಖಾಲಿಯೇ. ‘ಮೇ’ ಎಂದು ಬರೆದಲ್ಲಿ ಅದು ಬರಿಯ ಅಧಿಕಾರವೋ, ಕರ್ತವ್ಯದೊಡನೆ ಕಟ್ಟಿದ ಅಧಿಕಾರವೋ ಎಂದು ಇಂಗ್ಲಿಷ್ ಬಲ್ಲ ನ್ಯಾಯಾಲಯಗಳೇ ಶತಮಾನದಿಂದ ತೂಗಿ ನೋಡುತ್ತಿವೆ. ನಮ್ಮ ಕಾನೂನಿನ ಕನ್ನಡದಲ್ಲಿ ‘ಶಲ್’ ಹೋಗಿ ‘ತಕ್ಕದ್ದು’ ಆಯಿತು. ಇಂಗ್ಲಿಷಿನಲ್ಲಿ ತೀರಿಸಬೇಕಾದ ಸಾಲವಾಗಿದ್ದುದು ನಮ್ಮಲ್ಲಿ ಮಾಡಿದರೆ ಚೆಂದ ಎಂಬ ಔಚಿತ್ಯದಂತೆ ಕಿವಿಗೆ ಬೀಳುತ್ತದೆ. ‘ಮಾಡಲೇಬೇಕು’ ಎಂಬ ನೇರ ಮಾತು ಇರುವಾಗ ‘ತಕ್ಕದ್ದು’ ಯಾಕೆ ಬೇಕಾಯಿತೋ.

ನನ್ನ ವಾದಕ್ಕೆ ಎದುರುಮಾತು ಇಲ್ಲದಿಲ್ಲ. ಭಾಷಾಂತರದ ಕೆಲಸದಲ್ಲಿರುವ ಗೆಳೆಯರೊಬ್ಬರು ಒಂದು ಸಂಜೆ ಸೂಪರ್ ಮಾರ್ಕೆಟ್ಟಿನ ಚಹಾದಂಗಡಿಯಲ್ಲಿ ಕೂತು ಗಟ್ಟಿಯಾಗಿಯೇ ಹೇಳಿದರು: “ಬಂದೀತು, ಆದೀತು ಇವೆಲ್ಲಾ ಮನಿ ಮಾತು. ನಾಳೆ ಕೋರ್ಟಿಗೆ ಹೋದ್ರ ‘ಕೊಟ್ಟಾರು’ ಅನ್ನೋದಕ್ಕ ಏನ್ ಬೆಲಿ? ಬಹುದು ಅಂತ ಬರದ್ರ ಯಾರೂ ಹಿಡಿಯಂಗಿಲ್ಲ.” ಅವರ ಮಾತಿನಲ್ಲಿ ಎರಡು ಸಂಗತಿಗಳು ಕೂಡಿಕೊಂಡಿವೆ. ಸಂಭಾವನಾರ್ಥಕದಲ್ಲಿ ಹೇಳುವವನ ಮನಸ್ಸು ಬೆರೆತಿರುತ್ತದೆ, ಅದು ತಣ್ಣಗಿನ ಮಾತಲ್ಲ, ಅನ್ನುವುದನ್ನು ಒಪ್ಪುತ್ತೇನೆ. ಕರಾರುಪತ್ರದ ಕಲಮುಗಳಲ್ಲಿ ಅದನ್ನು ತುಂಬಿರಿ ಎಂದು ನಾನೂ ಹೇಳುವುದಿಲ್ಲ. ಆದರೆ ‘ಯಾರೂ ಹಿಡಿಯಂಗಿಲ್ಲ’ ಎಂದು ಅವರು ‘ಬಹುದು’ವನ್ನು ಮೆಚ್ಚಿದ್ದೇ ನನ್ನ ತಕರಾರು. ‘ಕಂಪನಿಯು ಪರಿಹಾರ ನೀಡಬಹುದು’ ಎಂದರೆ ಕೊಡಲು ಅದಕ್ಕೆ ಅನುಮತಿ ಇದೆ ಎಂದೋ, ಕೊಟ್ಟರೂ ಕೊಟ್ಟೀತು ಎಂದೋ? ‘ರೈತರು ಅಧಿಕ ಆದಾಯ ಪಡೆಯಬಹುದು’ ಎಂದರೆ ಪಡೆದುಕೊಳ್ಳಲು ನಮ್ಮದೇನೂ ಅಡ್ಡಿಯಿಲ್ಲ ಎಂದು ಅರ್ಥ ಮಾಡಿದರೂ ವ್ಯಾಕರಣ ತಪ್ಪು ಅನ್ನುವುದಿಲ್ಲ. ಇಂಗ್ಲಿಷಿನ ‘ಮೇ’ಗೂ ಇದೇ ಎರಡು ಮುಖ ಇದೆ, ನಿಜ. ಅವರಿಗೆ ಬೇಕಾದಾಗ ‘ಮೈಟ್’, ‘ಕುಡ್’, ‘ಈಸ್ ಅಲೌಡ್’ ಎಂದು ಬೇರೆ ಮಾಡಿಕೊಳ್ಳುತ್ತಾರೆ. ನಾವೂ ಮಾಡಿಕೊಳ್ಳಬಹುದು: ಅನುಮತಿಗೆ ‘ಬಹುದು’, ಹಕ್ಕಿಗೆ ‘ಸಿಗಲೇಬೇಕು’, ಸಿಗುವುದು ನಿಶ್ಚಯವಿಲ್ಲದ್ದಕ್ಕೆ ‘ಸಿಕ್ಕೀತು’. ಕರಾರಿನ ಕಲಮಿಗೆ ಬೇಡವಾದರೆ ಬಿಡಿ. ಕರಪತ್ರಕ್ಕೆ, ರೇಡಿಯೋಗೆ, ಬ್ಯಾಂಕಿನ ಗೋಡೆಯ ಬರಹಕ್ಕೆ ಯಾಕೆ ಬೇಡ?

ಆಸ್ಪತ್ರೆಯಲ್ಲಿ ಸಹಿ ಹಾಕಿಸುವ ಒಪ್ಪಿಗೆ ಪತ್ರಕ್ಕಂತೂ ಬೇಕೇ ಬೇಕು. ಸಮೀರಾ ಕೊಹ್ಲಿ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ಚಿಕಿತ್ಸೆಯ ಪ್ರಯೋಜನ, ಬೇರೆ ದಾರಿಗಳು, ದೊಡ್ಡ ತೊಂದರೆಗಳು, ಚಿಕಿತ್ಸೆ ಬೇಡವೆಂದರೆ ಆಗುವ ಪರಿಣಾಮ ಇವನ್ನು ರೋಗಿಗೆ ತಿಳಿಸಿಯೇ ಒಪ್ಪಿಗೆ ಪಡೆಯಬೇಕು ಎಂದು. ಅಪರೂಪದಲ್ಲಿ ಅಪರೂಪದ ತೊಂದರೆಯನ್ನೂ ಮಾಮೂಲಿ ತೊಂದರೆಯನ್ನೂ ಅದು ಬೇರೆ ಮಾಡಿತು. ನಮ್ಮ ಪತ್ರಗಳಲ್ಲಿ ತಲೆನೋವೂ ‘ಬರಬಹುದು’, ಸಾವೂ ‘ಬರಬಹುದು’. ಮುದುಕಿಯೊಬ್ಬಳು ಓದಿದರೆ ಎರಡಕ್ಕೂ ಒಂದೇ ಸಮ ಹೆದರುತ್ತಾಳೆ, ಇಲ್ಲವೇ ಎರಡನ್ನೂ ಓದದೆ ಹೆಬ್ಬೆಟ್ಟು ಒತ್ತುತ್ತಾಳೆ.

ನನ್ನ ಮುತ್ಯಾನ ಕಾಲದಲ್ಲಿ ಕಲಬುರಗಿಯ ಕಚೇರಿಯ ಮಾತು ಉರ್ದು. ನಿಜಾಮರ ಆಳಿಕೆ 1948ರಲ್ಲಿ ಮುಗಿಯಿತು, 1956ರಲ್ಲಿ ನಾವು ಕನ್ನಡ ನಾಡಿಗೆ ಸೇರಿದೆವು. ಮುತ್ಯಾನಿಗೆ ಬಂದ ಕಾಗದವನ್ನು ಓದಿ ಹೇಳಲು ಒಬ್ಬ ಮುನ್ಶಿ ಬೇಕಾಗಿತ್ತು. ಅವನಿಗೆ ಅವರು ಕೇಳುತ್ತಿದ್ದುದೂ ಇದೇ ಪ್ರಶ್ನೆ ಎಂದು ಅಪ್ಪ ಹೇಳುತ್ತಿದ್ದ: ಕೊಡ್ತಾರಂತೋ, ಕೊಟ್ಟಾರು ಅಂತೋ? ಈಗ ಕಾಗದ ಕನ್ನಡದಲ್ಲೇ ಬರುತ್ತದೆ. ಮುನ್ಶಿಯ ಜಾಗದಲ್ಲಿ ನಾನು ಕೂತಿದ್ದೇನೆ, ಕನ್ನಡವನ್ನು ಕನ್ನಡಕ್ಕೆ ಬಿಡಿಸಿ ಹೇಳಲು.

ಕಮಲಾಪುರದಲ್ಲಿ ಆ ದಿನ ಕಾಕಾನಿಗೆ ಇಂಗ್ಲಿಷಿನ ಸಾಲನ್ನು ಹೀಗೆ ಹೇಳಿದೆ: “ಎಲ್ಲಾ ಬರಾಬರಿ ಕೂಡಿ ಬಂದ್ರ ಇಪ್ಪತ್ತೈದು ಬಂದರೂ ಬಂದೀತು ಅಂತ ಅದರಿ ಕಾಕಾ. ಬರ್ತದ ಅಂತ ಎಲ್ಲೂ ಇಲ್ಲ.”

ಕಾಕಾ ಕರಪತ್ರವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಗೆ ಇಟ್ಟುಕೊಂಡರು. ಹಿಂದಿನ ವರ್ಷ ಅದೇ ಸಸಿ ನೆಟ್ಟಿದ್ದವರ ತೋಟ ಹಳ್ಳದ ಆಚೆಗಿತ್ತು. “ಅವ್ರಿಗಿ ಎಷ್ಟು ಬಂದದ, ತೂಕ ಮಾಡಿದ್ ಚೀಟಿ ನೋಡ್ಕೊಂಡ್ ಬರ್ತೀನಿ” ಎಂದು ಚಪ್ಪಲಿ ಮೆಟ್ಟಿ ಆ ಕಡೆ ನಡೆದರು.